ಬೇಲಿಯ ಗೌರಿ ಹೂ

ಮೂವತ್ತು ವರ್ಷಗಳ ಕಾಲ ಹಳಗನ್ನಡ ಕಾವ್ಯವನ್ನು ಪಾಠ ಹೇಳಿದವನು ನಾನು. ಲತೆ, ವಲ್ಲರಿ, ಪಲ್ಲವ ಎಂದು ಅರ್ಥ ಬರೆಸಿದೆನೇ ಹೊರತು ಬಳ್ಳಿಯೊಂದನ್ನು ಕೈಯಾರೆ ಬೆಳೆಸಿದವನಲ್ಲ. ನಿವೃತ್ತನಾಗಿ ಮಲೆನಾಡಿನ ನಮ್ಮ ಹಳ್ಳಿಗೆ ಮರಳಿದ ಮೇಲೆ ಆ ಅಜ್ಞಾನದ ಬೆಲೆ ತಿಳಿಯಿತು.

ನಮ್ಮ ತೋಟದ ಬೇಲಿಯಲ್ಲಿ ಭಾದ್ರಪದದ ಹಬ್ಬದ ಹೊತ್ತಿಗೆ ಗೌರಿ ಹೂ ಅರಳುತ್ತಿತ್ತು. ಸಂಸ್ಕೃತದವರು ಇದನ್ನು ಅಗ್ನಿಶಿಖಾ ಎಂದರು. ಮೊಗ್ಗು ಹಸುರಾಗಿ ತಲೆ ತಗ್ಗಿಸಿರುತ್ತದೆ. ಅರಳಿದಾಗ ಅಲೆಯಂಚಿನ ಆರು ಎಸಳುಗಳೂ ಹಿಮ್ಮುಖವಾಗಿ ಮೇಲೇಳುತ್ತವೆ. ಬುಡ ಹಳದಿ, ತುದಿ ಕೆಂಪು. ದಿನ ಕಳೆದಂತೆ ಇಡೀ ಹೂವೇ ಕೆಂಡ. ತಮಿಳರಿಗೆ ಇದು ಕಾಂದಳ್. ಸಂಗಂ ಕವಿ ಕಪಿಲರ್ 'ಕುರಿಂಜಿಪ್ಪಾಟ್ಟು'ವಿನಲ್ಲಿ ಎಣಿಸುವ ಹೂಗಳ ದೀರ್ಘ ಪಟ್ಟಿಗೆ ಇದೇ ಮೊದಲು. ಲಿನೇಯಸ್ 1753ರಲ್ಲಿ ಇದಕ್ಕಿಟ್ಟ ಹೆಸರು ಗ್ಲೋರಿಯೋಸಾ ಸುಪರ್ಬಾ. ಆ ಪಂಡಿತನೂ ವಿಶೇಷಣಗಳಲ್ಲಿ ಜಿಪುಣತನ ತೋರಲಿಲ್ಲ.

ನಾನು ಮರಳುವ ವೇಳೆಗೆ ಬೇಲಿಯೇ ಇರಲಿಲ್ಲ. ಪೊದೆಗಳನ್ನು ಕಡಿಸಿ ಕಲ್ಲುಕಂಬ, ಮುಳ್ಳುತಂತಿ ಹಾಕಿಸಿದ್ದರು. ಹಾಗೆ ಮಾಡಿರೆಂದು ಪತ್ರ ಬರೆದವನು ನಾನೇ.

ಮೊದಲ ಮಳೆಗೆ ನೆರೆಯವರ ಬೇಲಿಯಿಂದ ಐದು ಗೆಡ್ಡೆ ಅಗೆದು ತಂದು ನೆಟ್ಟೆ. ಒಂದೂ ಚಿಗುರಲಿಲ್ಲ. ಈ ಗೆಡ್ಡೆ ನೇಗಿಲಿನಂತೆ ಬಾಗಿರುತ್ತದೆ, ಲಾಂಗಲೀ ಎಂಬ ಹೆಸರು ಅದರಿಂದಲೇ. ಮೊಳೆಯುವ ಕಣ್ಣು ಇರುವುದು ತೋಳಿನ ತುದಿಯಲ್ಲಿ ಮಾತ್ರ. ನನ್ನ ಗುದ್ದಲಿ ಆ ತುದಿಗಳನ್ನೇ ಮುರಿದಿತ್ತು. ನೆರೆಯವರ ಬೇಲಿಯೂ ಬರಿದಾಯಿತು, ನಮ್ಮದೂ ತುಂಬಲಿಲ್ಲ. ಔಷಧಕ್ಕೆಂದು ಕಾಡಿನ ಗೆಡ್ಡೆಗಳನ್ನು ಅಗೆದೊಯ್ಯುವವರನ್ನು ಬೈಯುವ ಹಕ್ಕನ್ನು ಅಂದೇ ಕಳೆದುಕೊಂಡೆ.

ಆಮೇಲೆ ಬೀಜಕ್ಕೆ ಶರಣಾದೆ. ಬಿರಿದ ಕಾಯಿಯ ಕಿತ್ತಳೆಗೆಂಪು ಬೀಜಗಳನ್ನು ಮರಳುಮಿಶ್ರಿತ ಮಣ್ಣಿನಲ್ಲಿ ಊರಿದರೆ ತಿಂಗಳುಗಟ್ಟಲೆ ಸುಳಿವಿಲ್ಲ. ಮೊದಲ ವರ್ಷ ಒಂದೆರಡು ಎಲೆ, ಬೇಸಗೆಗೆ ಅದೂ ಒಣಗಿ ಮಾಯ. ಸತ್ತಿತೆಂದು ಕುಂಡವನ್ನು ಬರಿದು ಮಾಡಬಾರದು, ನೀರನ್ನೂ ಸುರಿಯಬಾರದು, ಗೆಡ್ಡೆ ನಿದ್ರಿಸುತ್ತಿರುತ್ತದೆ. ಅಷ್ಟರಲ್ಲಿ ತಂತಿಯುದ್ದಕ್ಕೂ ಲಕ್ಕಿಯ ಕಡ್ಡಿ ನೆಟ್ಟೆ. ಗೌರಿ ಹೂವಿನ ಎಲೆಯ ತುದಿಯೇ ಸುರುಳಿಯಾಗಿ ಆಸರೆಯನ್ನು ಹಿಡಿಯುತ್ತದೆ. ಪೊದೆಯಿಲ್ಲದೆ ಬಳ್ಳಿ ಎಲ್ಲಿಗೆ ಹತ್ತೀತು?

ಮೂರನೆಯ ಮಳೆಗಾಲ ಕಪ್ಪು ಮೈಯ ಮೇಲೆ ಬಿಳಿ, ಕೆಂಪು ಚುಕ್ಕೆಗಳ ಕಂಬಳಿಹುಳುವಿನಂಥ ಹುಳುಗಳು ಎಲೆಗಳನ್ನು ಮುಕ್ಕತೊಡಗಿದವು. ಕೀಟನಾಶಕ ತಂದೆ. ಸಿಂಪಡಿಸುವ ಮುನ್ನ ಕೈ ತಡೆಯಿತು. ಪತಂಗವೊಂದರ ಮರಿಗಳಿವು, ಈ ಬಳ್ಳಿಯನ್ನೇ ಹುಡುಕಿಕೊಂಡು ಬಂದವು. ಬೇಲಿಗೆ ಜೀವ ಮರಳಲೆಂದು ಬೆಳೆಸಿದವನು ಬಂದ ಮೊದಲ ಅತಿಥಿಯನ್ನೇ ಕೊಲ್ಲುವುದೇ? ಕೆಲವು ಬಳ್ಳಿಗಳು ಬೋಳಾದವು, ಆಗಲಿ ಎಂದು ಬಿಟ್ಟೆ.

ಒಂದು ಎಚ್ಚರಿಕೆ ಹೇಳಲೇಬೇಕು. ಇಡೀ ಗಿಡದಲ್ಲಿ, ಗೆಡ್ಡೆ ಬೀಜಗಳಲ್ಲಂತೂ ಹೆಚ್ಚಾಗಿ, ಕಾಲ್ಚಿಸಿನ್ ಎಂಬ ವಿಷವಿದೆ. ವೈದ್ಯರು ಅದನ್ನು ಅಳೆದು ಸಂಧಿವಾತದ ಒಂದು ಬಗೆಗೆ ಕೊಡುತ್ತಾರೆ. ನಾವು ನಾಲಗೆಗೆ ತಾಗಿಸಬಾರದು. ಮಕ್ಕಳು, ದನಕರುಗಳು ಸುಳಿಯುವಲ್ಲಿ ನೆಡುವುದು ಬೇಡ.

ಕಳೆದ ಭಾದ್ರಪದದಲ್ಲಿ ಹನ್ನೊಂದು ಹೂ ಅರಳಿದವು. ಪೂಜೆಗೆ ಕೊಯ್ಯಲೇ ಎಂದು ಮನೆಯಲ್ಲಿ ಕೇಳಿದರು. ಒಂದಕ್ಕೆ ಒಪ್ಪಿದೆ. ಉಳಿದವು ಕಾಯಿ ಕಟ್ಟಲಿ. ನೆರೆಯವರಿಗೆ ಐದು ಗೆಡ್ಡೆಗಳ ಸಾಲವಿದೆ.