ನೀರಂಚಿನ ಆಯುಷ್ಯ



ದಕ್ಷಿಣ ಅಮೆರಿಕದ ನದೀತೀರಗಳಲ್ಲಿಯೂ ಜೌಗುಬಯಲುಗಳಲ್ಲಿಯೂ ಹಿಂಡುಹಿಂಡಾಗಿ ಮೇಯುವ ಕ್ಯಾಪಿಬರಾ, ಇಂದು ಜೀವಿಸಿರುವ ದಂಶಕಗಳಲ್ಲೆಲ್ಲ ಅತ್ಯಂತ ದೊಡ್ಡದು; ಇಲಿ ಅಳಿಲುಗಳ ವರ್ಗಕ್ಕೆ ಸೇರಿಯೂ 50 ಕಿಲೋ ತೂಗಬಲ್ಲ ಈ ಸಾಧುಜೀವಿಯನ್ನು ಇದ್ದಂತೆಯೇ ಅರಿಯಲು ಹೊರಗಿನಿಂದ ಬಂದವರಿಗೆ ಶತಮಾನಗಳೇ ಹಿಡಿದವು. ಅದರ ನೆರೆಯಲ್ಲಿಯೇ ಬಾಳಿದ ಟುಪಿ ಜನರು ಮಾತ್ರ ತಪ್ಪಲಿಲ್ಲ. ಹುಲ್ಲು ತಿನ್ನುವುದು ಎಂಬರ್ಥದ ಹೆಸರನ್ನೇ ಅದಕ್ಕೆ ಇಟ್ಟರು. 1648ರಲ್ಲಿ ಪ್ರಕಟವಾದ ಬ್ರೆಜಿಲಿನ ಪ್ರಕೃತಿಚರಿತ್ರೆಯಲ್ಲಿ ಗೇಯಾರ್ಗ್ ಮಾರ್ಕ್‌ಗ್ರಾಫನು ಆ ಹೆಸರಿನಿಂದಲೇ ಪ್ರಾಣಿಯನ್ನು ವರ್ಣಿಸಿದನು. ಆದರೆ 1766ರಲ್ಲಿ ಜೀವಿಗಳ ವರ್ಗೀಕರಣಕಾರನಾದ ಲಿನೇಯಸನು ಅದನ್ನು ಹಂದಿಗಳ ಕುಲಕ್ಕೆ ಸೇರಿಸಿದನು. ವೆನೆಜುವೆಲಾದ ಕ್ರೈಸ್ತರೋ, ಅದು ನೀರಿನಲ್ಲಿರುವುದೆಂಬ ಕಾರಣದಿಂದ, ಮಾಂಸ ನಿಷಿದ್ಧವಾದ ಲೆಂಟ್ ವ್ರತದ ದಿನಗಳಲ್ಲಿ ಮೀನಿನ ಸಾಲಿನಲ್ಲಿಟ್ಟು ಉಣ್ಣುವ ರೂಢಿಯನ್ನು ಬೆಳೆಸಿಕೊಂಡರು.

ಉರುಗ್ವೆಯ ಮಾಲ್ಡೊನಾಡೋದಲ್ಲಿ ಚಾರ್ಲ್ಸ್ ಡಾರ್ವಿನನು ಕಂಡ ಹಿಂಡನ್ನು ನಾವೂ ಸಮೀಪದಿಂದ ನೋಡೋಣ. ಅವನು ಮೂರು ಗಜದಷ್ಟು ಹತ್ತಿರಕ್ಕೆ ಹೋದರೂ ಅವು ಓಡಲಿಲ್ಲ. ದೊಡ್ಡ ನಾಯಿ ಮೊದಲ ಸಲ ಬೊಗಳುವಾಗ ಹೊರಡುವ ಒಡಕು ದನಿಯಂತೆ, ಉಸಿರನ್ನು ಒಮ್ಮೆಲೇ ಹೊರದಬ್ಬಿ ಎಚ್ಚರಿಸಿದವು, ಅಷ್ಟೆ. ಆ ಪ್ರದೇಶದಿಂದ ಜಾಗ್ವಾರ್ ಕೆಲವು ವರ್ಷಗಳ ಹಿಂದೆಯೇ ಕಣ್ಮರೆಯಾಗಿದ್ದುದರಿಂದಲೂ, ದನಗಾಹಿಗಳಾದ ಗೌಚೋಗಳು ಅವನ್ನು ಬೇಟೆಯಾಡಲು ಮನಸ್ಸು ಮಾಡದಿದ್ದುದರಿಂದಲೂ ಈ ನಿರ್ಭಯತೆ ಬಂದಿರಬೇಕೆಂದು ಅವನು ಊಹಿಸಿದನು. ಕ್ಯಾಪಿಬರಾದ ಆಯುಸ್ಸೆಷ್ಟು ಎಂಬ ಪ್ರಶ್ನೆಗೆ ಉತ್ತರದ ಎಳೆ ಈ ಊಹೆಯಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಕಾಡಿನಲ್ಲಿಯೂ ಎಂಟು ಹತ್ತು ವರ್ಷ ಬದುಕಬಲ್ಲ ದೇಹ ಅದರದು. ಮೃಗಾಲಯದ ಆಶ್ರಯದಲ್ಲಿ 12ನ್ನು ದಾಟಿದವೂ ಉಂಟು. ಆದರೂ ಬಯಲಿನಲ್ಲಿ ಹುಟ್ಟಿದವುಗಳಲ್ಲಿ ಬಹುಪಾಲು ನಾಲ್ಕು ವರ್ಷ ತುಂಬುವುದನ್ನು ಕಾಣುವುದಿಲ್ಲ. ನೆಲದ ಮೇಲೆ ಜಾಗ್ವಾರ್ ಹೊಂಚಿದರೆ ನೀರಿಗೆ ಧುಮುಕಿ ಐದು ನಿಮಿಷದವರೆಗೆ ಮುಳುಗಿರಬಲ್ಲ ಆ ಪ್ರಾಣಿಗೆ, ಅದೇ ನೀರಿನಲ್ಲಿ ಅನಕೊಂಡವೂ ಮೊಸಳೆಯ ಬಂಧುವಾದ ಕೇಮನ್ನೂ ಕಾದಿರುತ್ತವೆ.

ವೆನೆಜುವೆಲಾದ ಯಾನೋಸ್ ಹುಲ್ಲುಗಾವಲುಗಳಲ್ಲಿ ಈ ಪ್ರಾಣಿಯ ಜನನ ಮರಣಗಳನ್ನು ಶ್ರದ್ಧೆಯಿಂದ ಲೆಕ್ಕವಿಟ್ಟು, 1973ರಲ್ಲಿ ಅದಕ್ಕಾಗಿಯೇ ಒಂದು ಗ್ರಂಥವನ್ನು ಪ್ರಕಟಿಸಿದ ಯುಹಾನಿ ಓಯಾಸ್ತಿಯವರಿಗೆ ಜೀವಶಾಸ್ತ್ರವು ಋಣಿಯಾಗಿದೆ. ಮಳೆ ಹಿಡಿದು ಬಯಲು ತುಂಬಿದಾಗ ಆಳವಿಲ್ಲದ ನೀರಿನಲ್ಲಿಯೇ ಗಂಡುಹೆಣ್ಣುಗಳು ಕೂಡುತ್ತವೆ. ಸುಮಾರು 150 ದಿನ ಗರ್ಭ ಹೊತ್ತ ತಾಯಿ, ಮಳೆ ಹಿಂದೆಗೆಯುವ ವೇಳೆಗೆ, ಹಿಂಡನ್ನಗಲಿ ಪೊದೆಯ ಮರೆಯ ನೆಲದಲ್ಲಿ ಈಯುತ್ತದೆ. ಸೂಲಿಗೆ ಸಾಮಾನ್ಯವಾಗಿ ನಾಲ್ಕು ಮರಿ, ಅಪರೂಪಕ್ಕೆ ಎಂಟು. ಒಂದೂವರೆ ಕಿಲೋ ತೂಗುವ ಮರಿ ಕಣ್ಣು ತೆರೆದುಕೊಂಡೇ ಹಲ್ಲಿನೊಡನೆಯೇ ಹುಟ್ಟಿ, ವಾರದೊಳಗೆ ಹುಲ್ಲಿಗೆ ಬಾಯಿ ಹಾಕುವುದಾದರೂ, 16 ವಾರಗಳವರೆಗೆ ಮೊಲೆಯನ್ನು ಬಿಡದು. ಹಸಿದಾಗ ಅದು ಹೆತ್ತ ತಾಯಿಯನ್ನೇ ಅರಸಬೇಕಾಗಿಲ್ಲ. ಹಿಂಡಿನಲ್ಲಿ ಹಾಲಿರುವ ಯಾವ ಹೆಣ್ಣಿನ ಕೆಳಗೆ ನುಸುಳಿದರೂ ಅದು ಅಲುಗದೆ ನಿಂತು ಊಡಿಸುತ್ತದೆ. ಹೀಗೆ ಹಲವು ತಾಯಂದಿರ ಹಾಲಿನಲ್ಲಿ ಬೆಳೆದ ಮರಿ ಸುಮಾರು 18 ತಿಂಗಳಿಗೆ ತಾನೇ ಈಯಲು ಸಮರ್ಥವಾಗುತ್ತದೆ. ಬೇಸಗೆ ಬಲಿತು ಕೆರೆಗಳು ಬತ್ತಿದಾಗ ಹತ್ತಿಪ್ಪತ್ತರ ಹಿಂಡುಗಳು ಉಳಿದೊಂದು ಮಡುವಿನ ಸುತ್ತ ನೂರರಷ್ಟಾಗಿ ನೆರೆಯುತ್ತವೆ.

ತಾಯ್ನೆಲದಿಂದ ಎಷ್ಟು ದೂರ ಒಯ್ದರೂ ನೀರಿನ ಈ ನಂಟು ಹರಿಯಲಿಲ್ಲ. ಜಪಾನಿನ ಇಜು ಶಾಬೋಟೆನ್ ಮೃಗಾಲಯದಲ್ಲಿ, 1982ರ ಚಳಿಗಾಲದಲ್ಲಿ, ಬಿಸಿನೀರಿನಿಂದ ಆವರಣವನ್ನು ತೊಳೆಯುತ್ತಿದ್ದ ಪಾಲಕನು, ನೆಲದಲ್ಲಿ ನಿಂತ ಬೆಚ್ಚನೆಯ ನೀರಿಗೆ ಕ್ಯಾಪಿಬರಾಗಳು ಬಂದು ಸೇರಿಕೊಂಡುದನ್ನು ಕಂಡನು. ಅಂದಿನಿಂದ ಚಳಿಗಾಲದಲ್ಲಿ ಅಲ್ಲಿ ಅವಕ್ಕಾಗಿ ಬಿಸಿನೀರಿನ ಕೊಳ ತುಂಬಿಸುವುದು ನಡೆದುಬಂದಿದೆ.