ಒಂದೇ ಬುಡದ ಎರಡು ಜಿಗಿಹುಳುಗಳು



ಶ್ರೀರಂಗಪಟ್ಟಣ, ಪಾಂಡವಪುರದ ನಾಲಾ ಬಯಲಿನಲ್ಲಿ ತೆನೆ ಬಲಿಯುವ ಹೊತ್ತಿಗೆ ಗದ್ದೆಯ ನಡುವೆ ದುಂಡಗೆ ಒಂದಷ್ಟು ಪೈರು ಬೆಂಕಿ ತಾಗಿದಂತೆ ಒಣಗುವುದುಂಟು. ರೈತನು ಅದನ್ನು ರೋಗವೆಂದು ಬಗೆದು ಔಷಧಿ ಅಂಗಡಿಗೆ ಧಾವಿಸುತ್ತಾನೆ. ಅಷ್ಟರಲ್ಲಿ ಪೈರಿನ ಬುಡದಲ್ಲಿ, ನೀರಿನ ಮಟ್ಟಕ್ಕಿಂತ ತುಸು ಮೇಲೆ, ಕಂದು ಜಿಗಿಹುಳುವಿನ ಸಂಸಾರವು ಹಲವು ತಲೆಮಾರು ದಾಟಿರುತ್ತದೆ.

ಅದೇ ಬುಡದಲ್ಲಿ ಅದರ ದಾಯಾದಿಯೂ ಇದೆ. ರೆಕ್ಕೆಗಳ ನಡುವೆ ಬಿಳಿಯ ಪಟ್ಟಿ ಹೊತ್ತ ಬಿಳಿ ಬೆನ್ನಿನ ಜಿಗಿಹುಳು. ಎರಡೂ ರಸ ಹೀರುವುವೇ. ನಡತೆ ಮಾತ್ರ ಬೇರೆ. ಬಿಳಿ ಬೆನ್ನಿನದು ಎಳೆಯ ಪೈರನ್ನು ಅರಸಿ ಬಂದು, ತೆಂಡೆ ಒಡೆಯುವ ಕಾಲದಲ್ಲಿ ಹೆಚ್ಚಿ, ಗದ್ದೆಯಲ್ಲಿ ಹೆಚ್ಚುಕಡಿಮೆ ಸಮನಾಗಿ ಹರಡಿ, ಪೈರು ಬಲಿತಂತೆ ಹಾರಿಹೋಗುತ್ತದೆ. ಕಂದು ಹುಳು ಕೊನೆಯವರೆಗೂ ನೆಲೆಯೂರುವುದು. ಅದರ ಗಿಡ್ಡ ರೆಕ್ಕೆಯ ಹೆಣ್ಣು ಹಾರಲಾರದು. ಹಾರಾಟಕ್ಕೆ ಸಲ್ಲಬೇಕಾದ ಶಕ್ತಿಯನ್ನು ಮೊಟ್ಟೆಗೆ ವಿನಿಯೋಗಿಸುತ್ತದೆ. ಸುಟ್ಟ ತಾಣ ದುಂಡಗಿರುವುದು ಇದರಿಂದಲೇ.

ಕಂದು ಹುಳು ಭತ್ತಕ್ಕೆ ಎರಡು ನಂಜುರೋಗಗಳನ್ನು ಹರಡುತ್ತದೆಂಬುದು ಹಳೆಯ ಸಂಗತಿ. ಬಿಳಿ ಬೆನ್ನಿನದು ನಿರಪಾಯಕಾರಿ ಎಂದೇ ಬಹುಕಾಲ ನಂಬಲಾಗಿತ್ತು. 2001ರಲ್ಲಿ ದಕ್ಷಿಣ ಚೀನಾದಲ್ಲಿ ಕಾಣಿಸಿಕೊಂಡ ಕುಬ್ಜ ರೋಗದ ವೈರಾಣುವನ್ನು ಹೊತ್ತೊಯ್ಯುವುದು ಅದೇ ಎಂದು ತಿಳಿದಾಗ ಆ ನಂಬಿಕೆ ಮುರಿಯಿತು. 2022ರಲ್ಲಿ ಪಂಜಾಬ್, ಹರಿಯಾಣದ ಗದ್ದೆಗಳಲ್ಲಿ ಪೈರು ಕುಳ್ಳಾದುದಕ್ಕೂ ಆ ವೈರಾಣುವೇ ಕಾರಣವೆಂದು ಗುರುತಿಸಲಾಯಿತು.

ಇನ್ನು ಔಷಧಿಯ ಮಾತು. 2006ರಲ್ಲಿ ಪೂರ್ವ ಮತ್ತು ಆಗ್ನೇಯ ಏಷ್ಯಾದಲ್ಲಿ ಸಂಗ್ರಹಿಸಿದ ಹುಳುಗಳ ಪೈಕಿ ಕಂದು ಹುಳು ಇಮಿಡಾಕ್ಲೋಪ್ರಿಡ್‌ಗೂ ಬಿಳಿ ಬೆನ್ನಿನದು ಫಿಪ್ರೋನಿಲ್‌ಗೂ ಜಗ್ಗದಾಗಿದ್ದವು. ಎರಡಕ್ಕೂ ಒಂದೇ ಡಬ್ಬಿ ಸಾಕೆಂಬ ಅಂಗಡಿಯವರ ಮಾತು ಹೀಗೆ ಪೊಳ್ಳಾಗುತ್ತದೆ. ಮೇಲಾಗಿ ಎಲೆಯ ಮೇಲೆ ಸುರಿದ ವಿಷ ಬುಡಕ್ಕೆ ತಲುಪುವುದು ಕಡಿಮೆ. ಸಾಯುವುವು ಜೇಡಗಳೂ ಜಿಗಿಹುಳುವಿನ ಮೊಟ್ಟೆ ಹೀರುವ ಹಸಿರು ತಿಗಣೆಗಳೂ. ಕಾಯುವವರು ಸತ್ತ ಗದ್ದೆಯಲ್ಲಿ ಹುಳು ಇಮ್ಮಡಿಯಾಗಿ ಮರಳುತ್ತದೆ. ಇಂಡೋನೇಷ್ಯಾ 1986ರಲ್ಲಿ ಭತ್ತಕ್ಕೆ 57 ಬಗೆಯ ಕೀಟನಾಶಕಗಳನ್ನು ನಿಷೇಧಿಸಿದ್ದು ಈ ಪಾಠ ಕಲಿತ ಮೇಲೆ.

ನಾಗಮಂಗಲದ ರಾಗಿ ಹೊಲದಲ್ಲಿ ಕಂದು ಹುಳುವಿನ ಭಯವಿಲ್ಲ, ಅದಕ್ಕೆ ಭತ್ತವೇ ಅನ್ನ. ಬಿಳಿ ಬೆನ್ನಿನದಕ್ಕೆ ಕೆಲವು ಹುಲ್ಲುಗಳೂ ಒಗ್ಗುತ್ತವೆ. ಕೃಷ್ಣರಾಜಪೇಟೆಯಲ್ಲಿ ಹೇಮಾವತಿ ನಾಲೆಯ ಗದ್ದೆಯೂ ಮಳೆಯಾಶ್ರಿತ ಹೊಲವೂ ಅಕ್ಕಪಕ್ಕದಲ್ಲಿರುವುದರಿಂದ ಈ ಭೇದ ಅಲ್ಲಿನವರಿಗೆ ಬೇಗ ಅರ್ಥವಾದೀತು. ಭತ್ತದ ಮೇಲೆ ಭತ್ತ ಹಾಕುವ ನಾಲಾ ಬಯಲಿನಲ್ಲಿ ನಡುವೆ ಉದ್ದೋ ಅಲಸಂದೆಯೋ ಬಂದರೆ ಕಂದು ಹುಳುವಿನ ಸರಪಳಿ ಕಡಿಯುತ್ತದೆ. ಬದುವಿನ ಹುಲ್ಲಿರುವವರೆಗೆ ಇನ್ನೊಂದರದು ಪೂರ್ತಿ ಕಡಿಯದು. ಯೂರಿಯಾವನ್ನು ಒಮ್ಮೆಗೇ ಸುರಿಯದೆ ಕಂತುಗಳಲ್ಲಿ ಕೊಟ್ಟು, ಆಗಾಗ ನೀರು ಬಸಿದು, ನಾಟಿಯ ಸಾಲುಗಳ ನಡುವೆ ಅಲ್ಲಲ್ಲಿ ಒಂದಡಿ ದಾರಿ ಬಿಟ್ಟರೆ ಎರಡಕ್ಕೂ ಇಕ್ಕಟ್ಟು. ಆ ದಾರಿಯಲ್ಲಿ ವಾರಕ್ಕೊಮ್ಮೆ ಬಗ್ಗಿ, ಪೈರನ್ನು ಸರಿಸಿ, ಬುಡ ತಟ್ಟಿದರೆ ಹುಳು ನೀರಿಗೆ ಬೀಳುತ್ತದೆ. ಬಿದ್ದದ್ದು ಯಾವುದು, ಪಕ್ಕದಲ್ಲಿ ಜೇಡಗಳೆಷ್ಟು, ಎಣಿಸಿದ ಮೇಲೆ ಅಂಗಡಿಯ ಮಾತು.