ಮಿದುಳಿನಲ್ಲಿ ಸಿಕ್ಕಿದ್ದು ಪ್ಲಾಸ್ಟಿಕ್ಕೋ, ಕೊಬ್ಬೋ?

ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಆ ಹಿರಿಯರು ರಸಾಯನಶಾಸ್ತ್ರದ ಮೇಷ್ಟ್ರಾಗಿದ್ದವರು. ಅವರ ಪ್ರಯೋಗಶಾಲೆಯಲ್ಲಿ ಲವಣ ವಿಶ್ಲೇಷಣೆಗೆ ನಿಂತ ವಿದ್ಯಾರ್ಥಿ ಮೊದಲು ಬ್ಲ್ಯಾಂಕ್ ಪರೀಕ್ಷೆ ಮಾಡಲೇಬೇಕಿತ್ತು. ಲವಣ ಹಾಕದೆ ಬರೀ ಬಟ್ಟಿ ಇಳಿಸಿದ ನೀರಿನ ಮೇಲೆ ಅದೇ ಪರೀಕ್ಷೆ ನಡೆಸಬೇಕು. ಅಲ್ಲೂ ಕ್ಲೋರೈಡಿನ ಬಿಳಿ ಗಷ್ಟು ಕಂಡರೆ ದೋಷ ಲವಣದ್ದಲ್ಲ, ನೀರಿನದು. ಅಂಥವರ ಹೆಸರಿನ ಉಪನ್ಯಾಸಕ್ಕೆ ಕರೆ ಬಂದದ್ದು ಈ ಉಪನ್ಯಾಸಕನ ಪಾಲಿಗೆ ದೊಡ್ಡ ಗೌರವ. ಇಂದಿನ ವಿಷಯವನ್ನು ಆಯ್ದದ್ದೂ ಅವರ ಆ ಪಟ್ಟನ್ನು ನೆನೆದೇ.

ಮೈಕ್ರೋಪ್ಲಾಸ್ಟಿಕ್ ಬಗ್ಗೆ ತಿಳಿದಿರುವ ಸಂಗತಿಗಳನ್ನು ವಿಸ್ತರಿಸಬೇಕಿಲ್ಲ. ಐದು ಮಿಲಿಮೀಟರಿಗಿಂತ ಚಿಕ್ಕ ಚೂರಿಗೆ ಆ ಹೆಸರು. ಒಂದು ಮೈಕ್ರಾನಿಗಿಂತ ಚಿಕ್ಕದಾದರೆ ನ್ಯಾನೋಪ್ಲಾಸ್ಟಿಕ್. 2004ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ರಿಚರ್ಡ್ ಥಾಂಪ್ಸನ್ ತಂಡದ ಪ್ರಬಂಧದಿಂದ ಆ ಹೆಸರು ಪ್ರಚಾರಕ್ಕೆ ಬಂತು. ಸಮುದ್ರ, ನದಿ, ಮಣ್ಣು, ಗಾಳಿ, ಎಲ್ಲ ಕಡೆಯೂ ಈ ಚೂರುಗಳಿವೆ. ಅದರಲ್ಲಿ ವಿವಾದವಿಲ್ಲ.

ವಿವಾದ ಶುರುವಾಗುವುದು ದೇಹದ ಒಳಗೆ ಹೊಕ್ಕಾಗ. 2025ರ ಫೆಬ್ರವರಿಯಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ಮ್ಯಾಥ್ಯೂ ಕ್ಯಾಂಪನ್ ತಂಡ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿತು. ಮರಣೋತ್ತರ ಪರೀಕ್ಷೆಯಲ್ಲಿ ತೆಗೆದ ಮಿದುಳಿನ ತುಣುಕುಗಳಲ್ಲಿ ಪ್ರತಿ ಗ್ರಾಮಿಗೆ ಪ್ಲಾಸ್ಟಿಕ್ಕಿನ ಮಧ್ಯಾಂಕ 2016ರಲ್ಲಿ 3,345 ಮೈಕ್ರೋಗ್ರಾಂ ಇದ್ದದ್ದು 2024ಕ್ಕೆ 4,917ಕ್ಕೆ ಏರಿದೆ ಎಂಬುದು ಅದರ ಸಾರ. ಎಂದರೆ ಮಿದುಳಿನ ತೂಕದಲ್ಲಿ ಸುಮಾರು ಅರ್ಧ ಪ್ರತಿಶತ. ಇಡೀ ಮಿದುಳಿಗೆ ಲೆಕ್ಕ ಹಾಕಿದರೆ ಏಳು ಗ್ರಾಮಿನ ಆಸುಪಾಸು. ತಲೆಯೊಳಗೆ ಒಂದು ಚಮಚ ಪ್ಲಾಸ್ಟಿಕ್ ಎಂಬ ಸುದ್ದಿ ಜಗತ್ತಿನ ಪತ್ರಿಕೆಗಳನ್ನೆಲ್ಲ ಸುತ್ತಿತು.

ಈ ಅಂಕಿ ನಂಬಲು ಯೋಗ್ಯವೇ? ಇನ್ನೂ ಅಲ್ಲ ಎಂಬುದೇ ಈ ಉಪನ್ಯಾಸದ ವಾದ.

ಅಳತೆ ಹೇಗೆ ನಡೆಯಿತೆಂದು ಹತ್ತಿರದಿಂದ ನೋಡಬೇಕು. ಮಿದುಳಿನ ತುಣುಕನ್ನು ಮೊದಲು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕರಗಿಸುತ್ತಾರೆ. ಆಮೇಲೆ ಅತಿವೇಗದ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ತಳಕ್ಕಿಳಿದ ಗಷ್ಟನ್ನು ತೆಗೆಯುತ್ತಾರೆ. ಅದನ್ನು ಆಮ್ಲಜನಕವಿಲ್ಲದೆ ನೂರಾರು ಡಿಗ್ರಿ ಶಾಖದಲ್ಲಿ ಸಿಡಿಸಿ, ಹೊರಟ ಅನಿಲಗಳನ್ನು ಮಾಸ್ ಸ್ಪೆಕ್ಟ್ರೋಮೀಟರಿಗೆ ಹಾಯಿಸುತ್ತಾರೆ. ಈ ವಿಧಾನಕ್ಕೆ ಪೈರಾಲಿಸಿಸ್ ಎಂದು ಹೆಸರು. ಉಪಕರಣ ಪ್ಲಾಸ್ಟಿಕ್ಕನ್ನು ನೇರವಾಗಿ ಕಾಣುವುದಿಲ್ಲ, ಅದು ಒಡೆದಾಗ ಹುಟ್ಟುವ ಚೂರುಗಳನ್ನು ಕಾಣುತ್ತದೆ. ಆ ಚೂರುಗಳಿಂದ ಹಿಂದಕ್ಕೆ ಲೆಕ್ಕ ಹಾಕಿ, ಮೂಲದಲ್ಲಿ ಇಷ್ಟು ಪಾಲಿಥೀನ್ ಇತ್ತು ಎನ್ನುತ್ತಾರೆ.

ತೊಡಕು ಇರುವುದು ಇಲ್ಲೇ. ಪಾಲಿಥೀನ್ ಎಂದರೆ ಇಂಗಾಲ ಮತ್ತು ಜಲಜನಕದ ಉದ್ದನೆಯ ಸರಪಳಿ. ನಮ್ಮ ಕೊಬ್ಬಿನಾಮ್ಲಗಳ ಬಾಲವೂ ಅಂಥದೇ ಸರಪಳಿ, ಕೊಂಚ ಗಿಡ್ಡ, ಅಷ್ಟೇ. ಎರಡನ್ನೂ ಹೀಗೆ ಸಿಡಿಸಿದರೆ ಆಲ್ಕೇನ್, ಆಲ್ಕೀನ್‌ಗಳ ಒಂದೇ ಬಗೆಯ ಚೂರುಗಳು ಬರುತ್ತವೆ. ನೀರಿನ ಅಂಶ ಕಳೆದರೆ ಮಿದುಳಿನ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಕೊಬ್ಬು. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಕೊಬ್ಬಿನ ಜೊತೆ ಸೇರಿದರೆ ಸಾಬೂನಾಗುತ್ತದೆಂದು ಪಿಯುಸಿ ವಿದ್ಯಾರ್ಥಿಗೂ ಗೊತ್ತು. ಆ ಸಾಬೂನು ಪೂರ್ತಿ ತೊಳೆದುಹೋಗದೆ ಗಷ್ಟಿನಲ್ಲಿ ಉಳಿದರೆ ಉಪಕರಣ ಅದನ್ನೂ ಪಾಲಿಥೀನ್ ಲೆಕ್ಕಕ್ಕೇ ಸೇರಿಸುತ್ತದೆ.

ನ್ಯೂ ಮೆಕ್ಸಿಕೋ ತಂಡದ ಪ್ರಕಾರ ಮಿದುಳಿನಲ್ಲಿ ಸಿಕ್ಕ ಪ್ಲಾಸ್ಟಿಕ್ಕಿನ ಮುಕ್ಕಾಲು ಭಾಗ ಪಾಲಿಥೀನ್. ಕೊಬ್ಬಿನೊಡನೆ ಅತಿ ಹೆಚ್ಚು ಗೊಂದಲವಾಗುವ ಪ್ಲಾಸ್ಟಿಕ್ಕೇ ಅತಿ ಹೆಚ್ಚು ಸಿಕ್ಕಿದೆ! ಇನ್ನೊಂದು ಮಾತು: ಅದೇ ತಂಡ ಯಕೃತ್ತಿನಲ್ಲಿ ಕಂಡದ್ದು ಗ್ರಾಮಿಗೆ 433 ಮೈಕ್ರೋಗ್ರಾಂ, ಮೂತ್ರಪಿಂಡದಲ್ಲಿ 404. ಕರುಳಿನಿಂದ ಹೊರಟ ರಕ್ತ ಮೊದಲು ತಲುಪುವುದೇ ಯಕೃತ್ತಿಗೆ. ಮಿದುಳಿಗಾದರೋ ರಕ್ತ-ಮಿದುಳು ತಡೆಗೋಡೆಯ ಕಾವಲಿದೆ. ಕಾವಲಿರುವ ಅಂಗದಲ್ಲಿ ಹತ್ತು ಪಟ್ಟು ಹೆಚ್ಚು ಕಂಡಿತೆಂದರೆ, ಕಂಡದ್ದು ಪ್ಲಾಸ್ಟಿಕ್ಕಿನ ಹಂಚಿಕೆಯೋ ಕೊಬ್ಬಿನ ಹಂಚಿಕೆಯೋ ಎಂದು ಮೊದಲು ಕೇಳಬೇಕಿತ್ತು.

ಈ ಶಂಕೆ ಒಬ್ಬರದಲ್ಲ. ಜರ್ಮನಿಯ ಲೈಪ್‌ಜಿಗ್ ನಗರದ ಹೆಲ್ಮ್‌ಹೋಲ್ಟ್ಜ್ ಪರಿಸರ ಸಂಶೋಧನಾ ಕೇಂದ್ರದ ದುಶಾನ್ ಮಾಟೆರಿಚ್ ಮತ್ತು ಸಂಗಡಿಗರು ಅದೇ ‘ನೇಚರ್ ಮೆಡಿಸಿನ್’ನಲ್ಲಿ ಲಿಖಿತ ಆಕ್ಷೇಪ ಪ್ರಕಟಿಸಿದರು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಕಸಾಂಡ್ರಾ ರೌವರ್ಟ್ ತಂಡ 2025ರಲ್ಲಿ ಮನುಷ್ಯರ ರಕ್ತದ ಮೇಲೆ ಇದೇ ವಿಧಾನವನ್ನು ಪರೀಕ್ಷಿಸಿ, ಪಾಲಿಥೀನ್ ಮತ್ತು ಪಿವಿಸಿಗೆ ಸದ್ಯಕ್ಕೆ ಇದು ತಕ್ಕದ್ದಲ್ಲವೆಂಬ ತೀರ್ಮಾನಕ್ಕೆ ಬಂತು.

ಎದುರು ಪಕ್ಷದ ವಾದವನ್ನೂ ನ್ಯಾಯವಾಗಿ ತೂಗಬೇಕು. ಕ್ಯಾಂಪನ್ ತಂಡ ಒಂದೇ ಉಪಕರಣ ನೆಚ್ಚಿಕೊಂಡು ಕೂತಿಲ್ಲ. ಇನ್‌ಫ್ರಾರೆಡ್ ವಿಶ್ಲೇಷಣೆ ಮಾಡಿದೆ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚೂಪಾದ ನ್ಯಾನೋ ಚೂರುಗಳ ಚಿತ್ರ ತೆಗೆದಿದೆ. ಆದರೆ ಚಿತ್ರದಿಂದ ಗೊತ್ತಾಗುವುದು ಚೂರಿನ ಆಕಾರ, ಗ್ರಾಮಿಗೆ ಎಷ್ಟು ಎಂಬ ಅಂಕಿಯಲ್ಲ. ಆ ಅಂಕಿ ಪೂರ್ತಿ ನಿಂತಿರುವುದು ಪೈರಾಲಿಸಿಸ್ ಮೇಲೆಯೇ. ಗಟ್ಟಿಯಾದ ಸಮರ್ಥನೆ ಇನ್ನೊಂದಿದೆ: ವಿಧಾನ ತಪ್ಪಿದ್ದರೂ ಎರಡೂ ವರ್ಷಗಳಿಗೆ ಒಂದೇ ವಿಧಾನ ಬಳಸಿರುವಾಗ ಏರಿಕೆಯಂತೂ ನಿಜವಲ್ಲವೇ? ಅದೂ ನಿಲ್ಲುವುದಿಲ್ಲ. ಬೇರೆ ಬೇರೆ ಜನರ, ಬೇರೆ ಬೇರೆ ಅವಧಿ ಶೇಖರಿಸಿಟ್ಟ ಮಾದರಿಗಳಲ್ಲಿ ಉಳಿಕೆ ಕೊಬ್ಬು ಒಂದೇ ಸಮನೆ ಇತ್ತೆಂದು ತೋರಿಸದೆ ಏರಿಕೆಯನ್ನು ಪ್ಲಾಸ್ಟಿಕ್ಕಿನ ಖಾತೆಗೆ ಬರೆಯುವಂತಿಲ್ಲ.

ಇಂಥ ಎಡವಟ್ಟು ಈ ಕ್ಷೇತ್ರಕ್ಕೆ ಹೊಸದೂ ಅಲ್ಲ. ಪ್ರಯೋಗಶಾಲೆಯ ಕೈಗವಸು ಅಚ್ಚಿಗೆ ಅಂಟದಿರಲೆಂದು ಬಳಸುವ ಸ್ಟಿಯರೇಟ್ ಲವಣಗಳು ಮಾದರಿಗೆ ತಗುಲಿದರೆ ಪಾಲಿಥೀನ್ ಹಾಗೆಯೇ ಕಾಣಿಸುತ್ತವೆಂದು 2020ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದರು. ಮಾದರಿ ಮಲಿನವಾಗದಿರಲೆಂದು ತೊಟ್ಟ ಗವಸೇ ಸುಳ್ಳು ಫಲಿತಾಂಶ ಕೊಟ್ಟಿತ್ತು. ದತ್ತಿಯ ಹಿರಿಯರು ಇದ್ದಿದ್ದರೆ ಗವಸಿಗೂ ಒಂದು ಬ್ಲ್ಯಾಂಕ್ ಮಾಡಿಸುತ್ತಿದ್ದರು.

ಅಂದಾಜುಗಳಲ್ಲೂ ಇದೇ ಕಥೆ. 2019ರಲ್ಲಿ ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಅಂದಾಜಿನ ಆಧಾರದಲ್ಲಿ, ಮನುಷ್ಯ ವಾರಕ್ಕೆ ಐದು ಗ್ರಾಂ ಪ್ಲಾಸ್ಟಿಕ್ ನುಂಗುತ್ತಾನೆ, ಒಂದು ಕ್ರೆಡಿಟ್ ಕಾರ್ಡಿನಷ್ಟು, ಎಂಬ ಪ್ರಚಾರ ನಡೆಯಿತು. 2021ರಲ್ಲಿ ನೆದರ್ಲೆಂಡ್ಸಿನ ವಾಗನಿಂಗನ್ ವಿಶ್ವವಿದ್ಯಾಲಯದ ಲೆಕ್ಕದಲ್ಲಿ ವಯಸ್ಕರ ಮಧ್ಯಾಂಕ ದಿನಕ್ಕೆ 583 ನ್ಯಾನೋಗ್ರಾಂ. ಎರಡು ಅಂದಾಜಿನ ನಡುವೆ ಹತ್ತು ಲಕ್ಷ ಪಟ್ಟಿಗೂ ಮೀರಿದ ಅಂತರ! ಆದರೂ ಇಂದಿಗೂ ಭಾಷಣಗಳಲ್ಲಿ ಕೇಳಿಬರುವುದು ಕ್ರೆಡಿಟ್ ಕಾರ್ಡೇ. 2024ರಲ್ಲಿ ಕಪ್ಪು ಪ್ಲಾಸ್ಟಿಕ್ ಸೌಟುಗಳ ಬಗ್ಗೆ ಬಂದ ಪ್ರಬಂಧದಲ್ಲಿ ಒಂದು ರಾಸಾಯನಿಕದ ಸುರಕ್ಷಿತ ಮಿತಿ ಲೆಕ್ಕ ಹಾಕುವಾಗ 7,000ವನ್ನು 60ರಿಂದ ಗುಣಿಸಿ 42,000 ಎಂದು ಬರೆದಿದ್ದರು. ಸರಿಯುತ್ತರ 4,20,000. ಸುರಕ್ಷಿತ ಮಿತಿಯ ಹತ್ತಿರ ಬಂದಿದೆ ಎಂದು ಹೆದರಿಸಿದ ಪ್ರಮಾಣ, ತಿದ್ದಿದ ಮೇಲೆ ಮಿತಿಯ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆಯಾಯಿತು. ಅಷ್ಟರಲ್ಲಿ ಎಷ್ಟೋ ಮನೆಗಳ ಸೌಟು ಕಸದ ಬುಟ್ಟಿ ಸೇರಿದ್ದವು.

ಹೀಗೆ ಪ್ರಶ್ನೆ ಎತ್ತಿದರೆ ಪ್ಲಾಸ್ಟಿಕ್ ಉದ್ಯಮಕ್ಕೆ ಅನುಕೂಲವಾಗುತ್ತದೆ, ತಂಬಾಕು ಕಂಪನಿಗಳು ಅನುಮಾನವನ್ನೇ ಬಂಡವಾಳ ಮಾಡಿಕೊಂಡದ್ದು ಮರೆತಿರಾ ಎಂದು ಪರಿಸರದ ಗೆಳೆಯರು ಕೇಳುತ್ತಾರೆ. ಕಳಕಳಿ ನಿಜವಾದದ್ದು, ತರ್ಕ ತಪ್ಪು. ಕರ್ನಾಟಕ ಸರ್ಕಾರ 2016ರ ಮಾರ್ಚಿನಲ್ಲಿ ಪ್ಲಾಸ್ಟಿಕ್ ಚೀಲ, ಫ್ಲೆಕ್ಸ್, ತಟ್ಟೆಗಳನ್ನು ನಿಷೇಧಿಸಿದಾಗ ಮಿದುಳಿನ ಅಂಕಿ ಯಾರ ಮುಂದೂ ಇರಲಿಲ್ಲ. ಕಟ್ಟಿಕೊಂಡ ಚರಂಡಿಗಳು, ಹಸುಗಳ ಹೊಟ್ಟೆಯಿಂದ ತೆಗೆದ ಚೀಲಗಳು ಕಣ್ಣಿಗೆ ಕಾಣುತ್ತಿದ್ದವು. ಐರೋಪ್ಯ ಆಹಾರ ಸುರಕ್ಷಾ ಪ್ರಾಧಿಕಾರ 2023ರಲ್ಲಿ ಪ್ಲಾಸ್ಟಿಕ್ ತಯಾರಿಕೆಯ ರಾಸಾಯನಿಕವಾದ ಬಿಸ್ಫೆನಾಲ್-ಎಯ ದಿನಮಿತಿಯನ್ನು 20,000 ಪಟ್ಟು ಇಳಿಸಿದ್ದು ವರ್ಷಗಟ್ಟಲೆ ಜರಡಿ ಹಿಡಿದ ಪುರಾವೆಯ ಮೇಲೆ. ಉದ್ಯಮಕ್ಕೆ ನಿಜವಾಗಿ ಅನುಕೂಲವಾಗುವುದು ನಾಳೆ ಮುರಿದುಬೀಳುವ ಅಂಕಿಯಿಂದ. ಅದು ಬಿದ್ದ ದಿನ ಗಟ್ಟಿ ಪುರಾವೆಯನ್ನೂ ಜನ ಅನುಮಾನದಿಂದ ನೋಡುತ್ತಾರೆ.

ಇಟಲಿಯ ರಾಫೇಲೆ ಮಾರ್ಫೆಲ್ಲಾ ತಂಡದ 2024ರ ಅಧ್ಯಯನ ದೇಹದೊಳಗಿನ ಪ್ಲಾಸ್ಟಿಕ್ ಹುಡುಕಿದ ಅಧ್ಯಯನಗಳಲ್ಲಿ ಹೆಚ್ಚು ಗಂಭೀರವಾದದ್ದು. ಕುತ್ತಿಗೆಯ ರಕ್ತನಾಳದ ಶಸ್ತ್ರಚಿಕಿತ್ಸೆಯಾದ 257 ರೋಗಿಗಳಲ್ಲಿ 150 ಮಂದಿಯ ನಾಳದ ಗಟ್ಟಿಕೊಬ್ಬಿನಲ್ಲಿ ಪಾಲಿಥೀನ್ ಕಂಡಿತು. ಪ್ಲಾಸ್ಟಿಕ್ ಕಂಡವರಿಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯ ಸುಮಾರು ನಾಲ್ಕೂವರೆ ಪಟ್ಟು. ಇದರಿಂದ ಕಾರ್ಯಕಾರಣ ಸಾಬೀತಾಗುವುದಿಲ್ಲವೆಂದು ಲೇಖಕರೇ ಬರೆದಿದ್ದಾರೆ. ಆದರೆ ಇಲ್ಲೂ ಅಳೆದದ್ದು ಪೈರಾಲಿಸಿಸ್, ಅಳೆದ ವಸ್ತು ಕೊಬ್ಬಿನ ಗಡ್ಡೆ. ಬೇರೆ ವಿಧಾನದಲ್ಲಿ ಮತ್ತೆ ಅಳೆಯದೆ ಮುಂದಿನ ಹೆಜ್ಜೆ ಇಡಬಾರದು.

ಬೇರೆ ವಿಧಾನ ಇಲ್ಲದೆ ಇಲ್ಲ. 2024ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ ಬಾಟಲಿ ನೀರಿನ ಲೀಟರಿಗೆ ಸರಾಸರಿ 2.4 ಲಕ್ಷ ಪ್ಲಾಸ್ಟಿಕ್ ಕಣ ಎಣಿಸಿದ್ದು ಪ್ರಚೋದಿತ ರಾಮನ್ ಚದುರಿಕೆಯಿಂದ. ಅದರ ಮೂಲವಾದ ರಾಮನ್ ಪರಿಣಾಮವನ್ನು ಸರ್ ಸಿ.ವಿ. ರಾಮನ್ 1928ರಲ್ಲಿ ಕಲ್ಕತ್ತದಲ್ಲಿ ಕಂಡರು; ಐದು ವರ್ಷದಲ್ಲಿ ಬೆಂಗಳೂರಿಗೆ ಬಂದು ಇಲ್ಲಿಯವರೇ ಆದರು. ಈ ವಿಧಾನದಲ್ಲಿ ಕಣವೊಂದೊಂದನ್ನೂ ನೋಡಿ ಅದರ ರಾಸಾಯನಿಕ ಗುರುತು ಓದುತ್ತಾರೆ. ಸಿಡಿದ ಚೂರಿನಿಂದ ಹಿಂದಕ್ಕೆ ಊಹಿಸಬೇಕಿಲ್ಲ. ಅಳತೆಗೆ ಕಾಯದೆ ಮಾಡಬಹುದಾದ ಕೆಲಸವೂ ಇದೆ: 2024ರಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಸೂರ್ಯಸಾರಥಿ ಬೋಸ್ ತಂಡ, ನೀರಿನ ಮೈಕ್ರೋಪ್ಲಾಸ್ಟಿಕ್ಕನ್ನು ಶೇಕಡಾ 90ಕ್ಕೂ ಹೆಚ್ಚು ಹಿಡಿದು ನೇರಳಾತೀತ ಬೆಳಕಿನಲ್ಲಿ ಒಡೆಯುವ ಹೈಡ್ರೋಜೆಲ್ ರೂಪಿಸಿತು. ಮಿದುಳಿನ ಅಂಕಿ ಎಷ್ಟೇ ಎಂದು ತೀರ್ಮಾನವಾದರೂ ಈ ಕೆಲಸದ ಬೆಲೆ ತಗ್ಗುವುದಿಲ್ಲ.

ಅಂಗಾಂಶದ ಅಳತೆಗೆ ಇನ್ನು ಬೇಕಾದದ್ದು ಇಷ್ಟು: ಪ್ಲಾಸ್ಟಿಕ್ ಸೋಂಕದ ಶುದ್ಧ ಕೊಬ್ಬನ್ನು ಅದೇ ಹಂತಗಳಲ್ಲಿ ಹಾಯಿಸಿ ಎಷ್ಟು ‘ಪಾಲಿಥೀನ್’ ಕಾಣುತ್ತದೆಂದು ಪ್ರಕಟಿಸುವುದು, ಇಂಗಾಲ-13ರಿಂದ ಗುರುತು ಮಾಡಿದ ಪಾಲಿಥೀನನ್ನು ತಿಳಿದ ಪ್ರಮಾಣದಲ್ಲಿ ಬೆರೆಸಿ, ಅಷ್ಟೇ ವಾಪಸು ಸಿಗುತ್ತದೆಯೇ ಎಂದು ನೋಡುವುದು, ಒಂದೇ ಮಾದರಿಯನ್ನು ಹೆಸರು ತಿಳಿಸದೆ ಹಲವು ಪ್ರಯೋಗಶಾಲೆಗಳಿಗೆ ಕಳಿಸಿ ಉತ್ತರಗಳನ್ನು ತಾಳೆ ನೋಡುವುದು. ಮಾಸ್ ಸ್ಪೆಕ್ಟ್ರೋಮೀಟರ್ ಇರುವ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಮೊದಲನೆಯದನ್ನು ಎಂಎಸ್ಸಿ ಪ್ರಾಜೆಕ್ಟಾಗಿಯೇ ಮಾಡಿಸಬಹುದು. ಅದಕ್ಕೆ ಬೇಕಾಗುವುದು ಸ್ವಲ್ಪ ಕೊಬ್ಬು, ಸ್ವಲ್ಪ ಕ್ಷಾರ ಮತ್ತು ಉಪಕರಣದ ಒಂದೆರಡು ದಿನದ ಸಮಯ.